ಪ್ರಶ್ನೋತ್ತರ: ಓದು ಕಲಿಸುವ ಕಾರ್ಯಕ್ರಮ ಫಲ ಕೊಟ್ಟಿದೆಯೇ, ಅಳೆಯುವುದು ಹೇಗೆ?

ಅಡ್ಮಿನ್: ಸಂಜೆ 6ರಿಂದ 8ರವರೆಗೆ ಮೌಲ್ಯಮಾಪನದ ಮೇಡಂ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಈವ್ನಿಂಗ್ ಚಿತ್ರ ಹಾಕಬೇಡಿ.

ಬಿಸಿಲನಾಡು: ನಮಸ್ಕಾರ್ರೀ ಮೇಡಂ. ರಾಯಚೂರು ಜಿಲ್ಲಾದಾಗ 20 ಸರ್ಕಾರಿ ಶಾಲಿ, 3ರಿಂದ 5ನೇ ತರಗತಿ. ಶಾಲಿಗೆ 15ರಂತೆ ತೀರಾ ಹಿಂದುಳಿದ ಮಕ್ಕಳನ್ನ ಜೂನ್‌ದಾಗ ಪರೀಕ್ಷೆ ಮಾಡಿ ಆರಿಸ್ತೀವಿ. ದಿನಾ ಒಂದು ತಾಸು ಕನ್ನಡ ಓದಿಸೋದು. ಮಾರ್ಚ್‌ದಾಗ ನಮ್ಮ ಸ್ವಯಂಸೇವಕರೇ ಅದೇ ಪ್ರಶ್ನೆಪತ್ರಿಕೆ ಕೊಟ್ಟು ನೋಡ್ತಾರ. ಎಷ್ಟು ಏರ್‍ಯಾರ ಅನ್ನೋದನ್ನ ದಾನಿಗಳಿಗೆ ತೋರಸ್ತೀವಿ. ಇಷ್ಟು ಸಾಕಲ್ರೀ?

ಮೇಡಂ: ಸಾಲದು. ನೀವು ಏನೂ ಕಲಿಸದಿದ್ದರೂ ಈ ವಿಧಾನದಲ್ಲಿ ಏರಿಕೆ ಕಾಣುತ್ತದೆ, ಅದೇ ತೊಂದರೆ.

ತೀರಾ ಕಡಿಮೆ ಅಂಕದವರನ್ನಷ್ಟೇ ಹೆಕ್ಕಿದಾಗ ಅವರಲ್ಲಿ ಅವತ್ತು ಜ್ವರ ಬಂದವರು, ಹೊಸ ಮುಖ ಕಂಡು ಬಾಯಿ ಬಿಡದವರು ಸೇರಿರುತ್ತಾರೆ. ಮತ್ತೊಂದು ದಿನ ಕೇಳಿದರೆ ಅವರ ಅಂಕ ತಾನಾಗಿ ಸರಾಸರಿಯ ಕಡೆಗೆ ಮರಳುತ್ತದೆ. ಅದರ ಮೇಲೆ ಒಂಬತ್ತು ತಿಂಗಳು ಶಾಲೆಯೂ ಪಾಠ ಮಾಡಿರುತ್ತದೆ. ಇನ್ನು ಕಲಿಸಿದವರೇ ಅಳೆದರೆ, ಮಗು ಒತ್ತಕ್ಷರದಲ್ಲಿ ತಡವರಿಸಿದ ಕೂಡಲೇ ಇವರ ತುಟಿ ಅಲುಗುತ್ತದೆ. ಪತ್ರಿಕೆ ಹಳೆಯದೇ ಆದ್ದರಿಂದ ಕಥೆ ಅಷ್ಟರಲ್ಲಿ ಬಾಯಿಪಾಠವಾಗಿರುತ್ತದೆ. ಈ ನಾಲ್ಕೂ ಸೇರಿದ ಮೊತ್ತವನ್ನು ನಿಮ್ಮ ಸಾಧನೆ ಎಂದು ಬರೆಯುತ್ತೀರಿ.

20 ಶಾಲೆಗಳ ಹೆಸರು ಈಗಾಗಲೇ ಹೇಳಿಬಿಟ್ಟಿದ್ದೀರಾ?

ಬಿಸಿಲನಾಡು: ಇಲ್ರೀ. 40ರ ಪಟ್ಟಿ ಐತಿ, ರೊಕ್ಕ 20ಕ್ಕಷ್ಟೇ ಐತಿ.

ಮೇಡಂ: ಹಾಗಾದರೆ ಬಚಾವಾದಿರಿ. 40 ಶಾಲೆಯಲ್ಲೂ ಮೊದಲು ಪರೀಕ್ಷೆ, 40ರಲ್ಲೂ ಒಂದೇ ನಿಯಮದಿಂದ 15 ಮಕ್ಕಳ ಆಯ್ಕೆ. ಆಮೇಲೆ ಸರಾಸರಿ ಅಂಕ ಹತ್ತಿರವಿರುವ ಶಾಲೆಗಳನ್ನು ಎರಡೆರಡು ಜೋಡಿ ಮಾಡಿ. 20 ಜೋಡಿಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರ ಎದುರಲ್ಲೇ ಚೀಟಿ ಎತ್ತಿ. ಒಂದಕ್ಕೆ ಈ ವರ್ಷ, ಇನ್ನೊಂದಕ್ಕೆ ಮುಂದಿನ ವರ್ಷ. ಈ ಕ್ರಮ ತಪ್ಪಬೇಡಿ. ಮೊದಲು ಚೀಟಿ ಎತ್ತಿ ಆಮೇಲೆ ಪರೀಕ್ಷೆ ಮಾಡಿದರೆ ಯಾರನ್ನು ಆರಿಸಬೇಕೆಂಬುದರಲ್ಲೇ ಪಕ್ಷಪಾತ ನುಸುಳುತ್ತದೆ. ಸರಾಸರಿಯತ್ತ ಮರಳುವುದು, ಶಾಲೆಯ ಪಾಠ, ಎರಡೂ ಗುಂಪಿಗೆ ಒಂದೇ. ಕಳೆದರೆ ಉಳಿಯುವುದು ನಿಮ್ಮದು. ಒಂದೇ ಆವರಣದಲ್ಲಿ ಎರಡು ಶಾಲೆಗಳಿದ್ದರೆ ಒಂದರ ಪಾಠ ಇನ್ನೊಂದಕ್ಕೆ ಸೋರುತ್ತದೆ, ಪಟ್ಟಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಗುಳೆಯ ಲೆಕ್ಕ ಮರೆಯಬೇಡಿ. ಮಾರ್ಚ್ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋದ ಮಕ್ಕಳು ಪರೀಕ್ಷೆಗೆ ಸಿಗುವುದಿಲ್ಲ. ಒಂದು ಗುಂಪಿನಲ್ಲಿ 15ಕ್ಕೆ 2, ಇನ್ನೊಂದರಲ್ಲಿ 15ಕ್ಕೆ 5 ಗೈರಾದರೆ ಹೋಲಿಕೆ ಅಲ್ಲಿಗೇ ಮುರಿಯಿತು. ಜೂನ್‌ನಲ್ಲೇ ಪ್ರತಿ ಮಗುವಿನ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ದಾಖಲಾತಿ ಸಂಖ್ಯೆ) ಬರೆದಿಡಿ. ಗೈರಾದವರಿಗಾಗಿ ಇನ್ನೆರಡು ಸಲ ಶಾಲೆಗೆ ಹೋಗಿ. ಎರಡೂ ಗುಂಪಿನ ಗೈರನ್ನು ವರದಿಯ ಮೊದಲ ಪುಟದಲ್ಲೇ ಹಾಕಿ.

ಸೀಮೆಸುಣ್ಣ: ಫಾರ್ವರ್ಡ್ ಮಾಡಿದ್ದೇನೆ ನೋಡಿ. "ಯಾವ ಸಂಶೋಧನೆಗೂ 384 ಮಾದರಿ ಸಾಕು." ಇಷ್ಟೆಲ್ಲ ಯಾಕೆ?

ಮೇಡಂ: ಆ 384 ಬಂದದ್ದು ಹೀಗೆ: 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಿ. ದೊಡ್ಡ ಜನಸಂಖ್ಯೆಯಿಂದ ಒಬ್ಬೊಬ್ಬರನ್ನೇ ಯಾದೃಚ್ಛಿಕವಾಗಿ ಆರಿಸಿ, ಶೇಕಡಾವಾರು ಒಂದನ್ನು 5 ಅಂಶ ಹೆಚ್ಚು ಕಡಿಮೆಯೊಳಗೆ ಅಂದಾಜು ಮಾಡುವ ಲೆಕ್ಕ ಅದು. ಎರಡು ಗುಂಪುಗಳ ಹೋಲಿಕೆಗೆ ಅಲ್ಲ, ಶಾಲೆ ಶಾಲೆಯಾಗಿ ಆರಿಸಿದ ಮಕ್ಕಳಿಗೂ ಅಲ್ಲ.

ಒಂದೇ ಶಾಲೆಯ ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಒಂದೇ ಊರು. ಅಂಕವೂ ಹತ್ತಿರ ಹತ್ತಿರ. ಒಂದೇ ಶಾಲೆಯ ಅಂಕಗಳ ಆ ಸಾಮ್ಯವನ್ನು 0ಯಿಂದ 1ರ ಅಳತೆಯಲ್ಲಿ 0.2 ಎಂದು ಹಿಡಿದರೆ 40 ಶಾಲೆಗಳ 600 ಮಕ್ಕಳು ಲೆಕ್ಕದಲ್ಲಿ 158 ಮಕ್ಕಳಿಗೆ ಸಮ. ಶೇ. 80ರ ಖಾತ್ರಿಯಲ್ಲಿ ಹಿಡಿಯಬಹುದಾದ ಕನಿಷ್ಠ ಪರಿಣಾಮ 0.45 ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ). ಶಾಲೆಗೆ 30 ಮಕ್ಕಳನ್ನು ಅಳೆದರೆ? 0.42. ಕೆಲಸ ಎರಡರಷ್ಟು, ಲಾಭ ಚೂರು. ಅದರ ಬದಲು ಜೂನ್‌ನ ಅಂಕ ಮಾರ್ಚ್‌ನ ಅಂಕದ ಏರುಪೇರಿನಲ್ಲಿ ಅರ್ಧವನ್ನು ವಿವರಿಸಿದರೆ 15 ಮಕ್ಕಳಲ್ಲೇ 0.32ಕ್ಕೆ ಇಳಿಯುತ್ತದೆ. 80 ಶಾಲೆ ತೆಗೆದುಕೊಂಡಷ್ಟೇ ಬಲ. ಜೂನ್ ಪರೀಕ್ಷೆಯನ್ನು ಕಾಟಾಚಾರಕ್ಕೆ ಮಾಡಬೇಡಿ ಎನ್ನುವುದು ಇದಕ್ಕೇ.

ಕಲಿಕೆ_ಕಿರಣ: ಒಟ್ಟು ಮಕ್ಕಳಲ್ಲಿ 10% ತೆಗೆದುಕೊಂಡರೆ ಸಾಕಾ ಮೇಡಂ?

ಮೇಡಂ: ಮೇಲೆ ಓದಿ.

ಹಳೇ_ಹೆಡ್‌ಮಾಸ್ಟರ್: ಚೀಟಿ ಎತ್ತಿ ಅರ್ಧ ಶಾಲೆಗಳಿಗೆ ಇಲ್ಲ ಎನ್ನುವುದು ಅನ್ಯಾಯ. ಬಡವರ ಮಕ್ಕಳೇನು ಪ್ರಯೋಗದ ಇಲಿಗಳೇ?

ಬಿಸಿಲನಾಡು: ರೊಕ್ಕನೇ 20ಕ್ಕ ಐತ್ರೀ ಸರ್. ಚೀಟಿ ಬ್ಯಾಡಂದ್ರ ಯಾರ ಕೈ ಮ್ಯಾಲೈತಿ ಅವರ ಶಾಲಿಗೇ ಹೋಗ್ತೈತಿ.

ಹಳೇ_ಹೆಡ್‌ಮಾಸ್ಟರ್: ನಿಮ್ಮಂಥವರಿಗೆ ಫೋಟೊ, ಬ್ಯಾನರು. ಮೊಟ್ಟೆ ಲೆಕ್ಕ, ಸ್ಯಾಟ್ಸ್ ಎಂಟ್ರಿ, ಈಗ ನಿಮ್ಮ ಪರೀಕ್ಷೆ. ಎಲ್ಲ ನಮ್ಮ ತಲೆ ಮೇಲೆ.

ಬಿಸಿಲನಾಡು: ಪರೀಕ್ಷೆ ನಾವ ಮಾಡ್ತೀವಿ ಅಂತ ಬರದೀನಿ. ಓದಿ ಮಾತಾಡ್ರಿ.

ಮೇಡಂ: ಹೆಡ್‌ಮಾಸ್ಟರ್ ಕೇಳಿದ್ದು ನ್ಯಾಯವಾದ ಪ್ರಶ್ನೆ, ಉತ್ತರವೂ ಇದೆ. ವಡೋದರಾದ ಬಾಲಸಖಿ (ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ ಸ್ಥಳೀಯ ಯುವತಿ) ಅಧ್ಯಯನದಲ್ಲಿ ಅರ್ಧ ಶಾಲೆಗಳ 3ನೇ ತರಗತಿಗೆ, ಉಳಿದರ್ಧದ 4ನೇ ತರಗತಿಗೆ ಬಾಲಸಖಿಯರನ್ನು ಕೊಟ್ಟು, ಮರುವರ್ಷ ಅದಲು ಬದಲು ಮಾಡಿದರು. ಯಾವ ಶಾಲೆಯೂ ಖಾಲಿ ಕೈಯಲ್ಲಿ ಉಳಿಯಲಿಲ್ಲ, ಪ್ರತಿ ತರಗತಿಗೂ ಹೋಲಿಕೆ ಸಿಕ್ಕಿತು. ಮುಂಬೈ, ವಡೋದರಾ ಸೇರಿ ಮೊದಲ ವರ್ಷ 0.14, ಎರಡನೇ ವರ್ಷ 0.28 ಪ್ರಮಾಣ ವಿಚಲನೆಯಷ್ಟು ಏರಿಕೆ. ಆ 0.14ನ್ನು ನೋಡಿಕೊಂಡು ನಿಮ್ಮ 0.32ನ್ನು ನೋಡಿ, ಬಿಸಿಲನಾಡು. ನಿಮ್ಮದು ಒಂದೇ ವರ್ಷದಲ್ಲಿ ಕಣ್ಣಿಗೆ ಬೀಳದೆಯೂ ಹೋಗಬಹುದು. ದಾನಿಗಳಿಗೆ ಈಗಲೇ ಹೇಳಿಡಿ.

ಸೀಮೆಸುಣ್ಣ: ಇದೆಲ್ಲ ನಲಿಕಲಿ ತಂದ ಮೇಲೆ ಆದ ಹಾಳು. ಕಾಗುಣಿತ ಬಿಡಿಸಿ ಆಟ ಆಡಿಸಿದರು.

ಹಳೇ_ಹೆಡ್‌ಮಾಸ್ಟರ್: ನಲಿಕಲಿ ತರಗತಿಯಲ್ಲಿ ಒಂದು ದಿನ ಕೂತು ನೋಡಿ ಮಾತಾಡಿ.

ಸೀಮೆಸುಣ್ಣ: ನಿಮ್ಮ ಮಕ್ಕಳನ್ನು ಯಾವ ಶಾಲೆಗೆ ಹಾಕಿದ್ದಿರಿ ಸರ್?

ಅಡ್ಮಿನ್: ವೈಯಕ್ತಿಕ ಬೇಡ.

ಮೇಡಂ: ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಒಟ್ಟಿಗೇ ಬಂತು. ಹಾಗೆ ಒಮ್ಮೆಗೇ ಎಲ್ಲೆಡೆ ಹರಡಿದರೆ ಹೋಲಿಸಲು ಪಕ್ಕದ ಶಾಲೆಯೇ ಉಳಿಯುವುದಿಲ್ಲ. "ಬಂದ ಮೇಲೆ ಹಾಳಾಯಿತು" ಎನ್ನುವುದೂ "ಬಂದ ಮೇಲೆ ಉದ್ಧಾರವಾಯಿತು" ಎನ್ನುವುದೂ ಬಿಸಿಲನಾಡು ಅವರ ಮೊದಲ ಯೋಜನೆಯ ತಪ್ಪೇ.

ಕಲಿಕೆ_ಕಿರಣ: ಬಿಇಒ ಅನುಮತಿ ಪತ್ರದ ನಮೂನೆ ಇದ್ದರೆ ಕಳಿಸಿ ಮೇಡಂ.

ಅಂಗಳ: ಅಸರ್ (ಮಕ್ಕಳ ಕಲಿಕೆ ಅಳೆಯುವ ಮನೆ ಮನೆ ಸಮೀಕ್ಷೆ) ಓದಿನ ಹಾಳೆಯನ್ನೇ ಬಳಸಬಹುದಾ?

ಮೇಡಂ: ಆರಿಸಲು ಬಳಸಿ, ಏರಿಕೆ ಅಳೆಯಲು ಅದೊಂದೇ ಸಾಲದು. ಅದರ ಕೊನೆಯ ಮೆಟ್ಟಿಲು 2ನೇ ತರಗತಿ ಮಟ್ಟದ ಕಥೆ. ಅಲ್ಲಿಗೆ ಮುಟ್ಟಿದ 5ನೇ ತರಗತಿ ಮಗು ಮುಂದೆ ಎಷ್ಟು ಕಲಿತರೂ ಹಾಳೆಯಲ್ಲಿ ಕಾಣುವುದಿಲ್ಲ. ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳ ಎಣಿಕೆ, ಒತ್ತಕ್ಷರದ 20 ಪದ, ಕಥೆ ಕುರಿತು 4 ಪ್ರಶ್ನೆ ಸೇರಿಸಿ. ಪರೀಕ್ಷಕರಿಬ್ಬರು ಒಂದೇ ಮಗುವಿಗೆ ಬೇರೆ ಬೇರೆಯಾಗಿ ಅಂಕ ಹಾಕಲಿ. 30 ಮಕ್ಕಳಲ್ಲಿ 27ಕ್ಕಾದರೂ ತಾಳೆಯಾಗುವವರೆಗೆ ತರಬೇತಿ ನಿಲ್ಲಿಸಬೇಡಿ.

ಅಂಗಳ: ಕೊನೆಗೆ ಎಕ್ಸೆಲ್‌ನಲ್ಲಿ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಮಾಡಿದರೆ ಆಯ್ತಲ್ಲ?

ಮೇಡಂ: 600 ಸಾಲಿಟ್ಟು ಮಾಡಿದರೆ ತಪ್ಪು. ಶಾಲೆಗೊಂದು ಸರಾಸರಿ, 40 ಸಾಲು. ಜೋಡಿ ಜೋಡಿಯಾಗಿ ಹೋಲಿಸಿ.

ಸೀಮೆಸುಣ್ಣ: ರೆಡಿಮೇಡ್ ಪ್ರಶ್ನಾವಳಿ ಪಿಡಿಎಫ್ ಬಂದಿದೆ, ಎಲ್ಲರೂ ಬಳಸಿಕೊಳ್ಳಿ.

ಮೇಡಂ: ದಯವಿಟ್ಟು ಬಳಸಬೇಡಿ. "ಕಾರ್ಯಕ್ರಮ ನಿಮಗೆ ಇಷ್ಟವಾಯಿತೇ" ಎಂದು ಮಕ್ಕಳನ್ನು ಕೇಳಿದರೆ ಹೌದು ಎನ್ನುತ್ತಾರೆ. ಓದಲು ಬರುತ್ತದೆಯೇ ಎಂಬುದಕ್ಕೆ ಅದು ಉತ್ತರವಲ್ಲ. ಮೂರನೇ ಫಾರ್ವರ್ಡ್ ಬಂದರೆ ನಾನು ಹೊರಡುತ್ತೇನೆ.

ಸೀಮೆಸುಣ್ಣ: ಉಪಕಾರಕ್ಕೆ ಹಾಕಿದೆ. ತಿಳಿದವರಿಗೆ ಇಷ್ಟು ಅಹಂಕಾರ ಒಳ್ಳೆಯದಲ್ಲ.

ಬಿಸಿಲನಾಡು: ಮೇಡಂ, ನಾಲ್ಕು ಮಂದಿ ಹೊರಗಿನ ಪರೀಕ್ಷಕರನ್ನ ಹಿಡೀತೀವಿ. ಜೂನ್ ಎರಡನೇ ವಾರದಾಗ 40 ಶಾಲಿ ಮುಗಿಸಿ ಚೀಟಿ ಎತ್ತಬಹುದಲ್ರೀ?

ಮೇಡಂ: ಆಗದು. ಹಿಂದುಳಿದ 15 ಮಂದಿ ಯಾರೆಂದು ತಿಳಿಯಲು ಮೂರೂ ತರಗತಿಯ ಮಕ್ಕಳನ್ನೆಲ್ಲ ಓದಿಸಿ ನೋಡಬೇಕು. ಶಾಲೆಗೆ 60 ಎಂದು ಹಿಡಿಯಿರಿ. ತಲಾ 3 ನಿಮಿಷಕ್ಕೆ 180 ನಿಮಿಷ. ಆರಿಸಿದ 15 ಮಂದಿಗೆ ತಲಾ 10 ನಿಮಿಷದ ಪೂರ್ಣ ಪರೀಕ್ಷೆ, 150 ನಿಮಿಷ. ಆಯ್ಕೆಯ ಅಂಕವನ್ನೇ ಮೊದಲ ಅಂಕ ಎಂದು ತೋರಿಸಬಾರದು, ಅದಕ್ಕೇ ಎರಡು ಪರೀಕ್ಷೆ. ಇಬ್ಬರು ಹಂಚಿಕೊಂಡರೆ ತಲಾ 165 ನಿಮಿಷ, ಪ್ರಾರ್ಥನೆ ಬಿಸಿಯೂಟ ಕಳೆದು ದಿನಕ್ಕೊಂದೇ ಶಾಲೆ. ಪರೀಕ್ಷಕರ ಎರಡು ಜೋಡಿಗೆ 20 ಕೆಲಸದ ದಿನ. ಶನಿವಾರ ಅರ್ಧ ದಿನ, ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕು ವಾರ. ಚೀಟಿ ಜುಲೈಗೆ.

ಹಳೇ_ಹೆಡ್‌ಮಾಸ್ಟರ್: ಮೇಡಂ, ಗೈರಾದ ಮಗುವನ್ನು ಮನೆಯಲ್ಲಿ ಅವ್ವನ ಎದುರು ಓದಿಸಿದರೆ, ಶಾಲೆಯಲ್ಲಿ ಓದಿಸಿದ ಅಂಕದ ಜೊತೆ ಹೋಲಿಸಬಹುದೇ?

ಅಡ್ಮಿನ್: 8 ಗಂಟೆ ದಾಟಿತು. ಇನ್ನು ಅಡ್ಮಿನ್‌ಗಳಷ್ಟೇ ಸಂದೇಶ ಹಾಕಬಹುದು.