ರಾಯಚೂರಿನ ಅರ್ಧದಷ್ಟೂ ಮಳೆಯಿಲ್ಲದ ಯಾಕುತ್ಸ್ಕ್‌ನಲ್ಲಿ ಕಾಡು, ಕೆರೆ ಹೇಗೆ?

ಪ್ರಶ್ನೆ | ಸಿಂಧನೂರು ವಿಜ್ಞಾನ ಶಿಕ್ಷಕಿ

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಕ್ಕಳಿಂದ ಸೈಬೀರಿಯಾದ ಬಗ್ಗೆ ಮಾದರಿ ಮಾಡಿಸುತ್ತಿದ್ದೇನೆ. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಆದರೂ ಇದು ಬರದ ಸೀಮೆ, ಬದುವಿನ ಜಾಲಿ ಬಿಟ್ಟರೆ ಮರ ಕಡಿಮೆ. ಲೆನಾ ನದಿ ದಂಡೆಯ ಯಾಕುತ್ಸ್ಕ್‌ನಲ್ಲಿ ಮಳೆ, ಹಿಮ ಎರಡೂ ಸೇರಿ ಸುಮಾರು 240 ಮಿ.ಮೀ. ಅಲ್ಲಿ ಕಣ್ಣು ಹಾಯುವಷ್ಟು ದೂರ ಲಾರ್ಚ್ ಕಾಡು, ನಡುನಡುವೆ ಕೆರೆ. "ಚಳಿಗೆ ನೀರು ಆವಿಯಾಗುವುದಿಲ್ಲ" ಎಂದು ಬರೆದರೆ ಸಾಕೇ? ಇದನ್ನು ಮಾಡಿ ತೋರಿಸುವ ದಾರಿ ಇದೆಯೇ? ಸಂಪನ್ಮೂಲದ ಫಲಕದಲ್ಲಿ ವಜ್ರ, ಅನಿಲ, ಪೊಟ್ಯಾಷ್ ಎಂದು ಬರೆದಿದ್ದೇವೆ, ಅದನ್ನೂ ನೋಡಿ ಹೇಳಿ.

ಉತ್ತರ | ಗಂಗಾವತಿ ಭತ್ತದವರು

ಸಾಲದು, ಅಕ್ಕೋರೆ. ಯಾಕುತ್ಸ್ಕ್‌ನ ಜನವರಿ ಸರಾಸರಿ ಮೈನಸ್ 37 ಡಿಗ್ರಿಯ ಹತ್ತಿರ ಇರುವುದು ನಿಜ. ಆದರೆ ಜುಲೈ ಸರಾಸರಿ 19–20 ಡಿಗ್ರಿ, ಕೆಲವು ದಿನ 35 ದಾಟುತ್ತದೆ, ಜೂನ್‌ನಲ್ಲಿ ಹಗಲು 19 ತಾಸಿಗೂ ಹೆಚ್ಚು. ಬಿದ್ದ ಮಳೆಗಿಂತ ಜಾಸ್ತಿ ನೀರು ಹೀರುವ ತಾಕತ್ತು ಆ ಬೇಸಿಗೆಗಿದೆ. ಚಳಿಯೊಂದೇ ಕಾರಣವಾಗಿದ್ದರೆ ಅಲ್ಲಿ ಕಾಡಿನ ಬದಲು ಬರೀ ಹುಲ್ಲುಗಾವಲು ಇರಬೇಕಿತ್ತು.

ಗುಟ್ಟು ನೆಲದಡಿ ಇದೆ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ದಾಟದ ನೆಲಕ್ಕೆ ಪರ್ಮಾಫ್ರಾಸ್ಟ್, ಅಂದರೆ ಹೆಪ್ಪುನೆಲ, ಎನ್ನುತ್ತಾರೆ. ಯಾಕುತ್ಸ್ಕ್‌ನಲ್ಲಿ ಶೆರ್ಗಿನ್ ಎಂಬವರು ತೋಡಿಸಿದ ಬಾವಿ 1837ರ ಹೊತ್ತಿಗೆ 116 ಮೀಟರ್ ಇಳಿದಿತ್ತು, ಅಲ್ಲಿಯೂ ನೆಲ ಹೆಪ್ಪುಗಟ್ಟಿಯೇ ಇತ್ತು. ಬೇಸಿಗೆಯಲ್ಲಿ ಕರಗುವುದು ಮೇಲಿನ ಒಂದೆರಡು ಮೀಟರ್ ಮಾತ್ರ. ಮಳೆ ನೀರು, ಹಿಮ ಕರಗಿದ ನೀರು ಕೆಳಗೆ ಇಂಗಲು ಜಾಗವಿಲ್ಲದೆ ಬೇರಿನ ಮಟ್ಟದಲ್ಲೇ ನಿಲ್ಲುತ್ತದೆ. ಕೇಜ್‌ವೀಲ್ (ಟ್ರ್ಯಾಕ್ಟರಿನ ಕಬ್ಬಿಣದ ಜಾಲರಿ ಚಕ್ರ) ಹೊಡೆದು ಕೆಸರು ಮಾಡಿದ ಗದ್ದೆಯ ತಳ ನೀರು ಹಿಡಿಯುವ ಹಾಗೆಯೇ ಇದು. ಲಾರ್ಚ್ ಬೇರು ಆಳಕ್ಕಿಳಿಯದೆ ಅಡ್ಡಡ್ಡ ಹರಡುತ್ತದೆ. ಸೂಜಿ ಎಲೆಯ ಮರವಾದರೂ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ, ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ ಎಲೆಯಿಂದ ನೀರು ಕಳೆದುಕೊಳ್ಳುವುದು ಹೀಗೆ ತಪ್ಪುತ್ತದೆ.

ನಮ್ಮ ಕಾಲುವೆ ಸೀಮೆಯ ಸವಳು ಕೂಡ ಅಲ್ಲಿದೆ. ಇಂಗದ ನೀರು ಮೇಲಿಂದಲೇ ಆವಿಯಾದಾಗ ತಗ್ಗು ಹುಲ್ಲುಗಾವಲಿನ ಮಣ್ಣಿನಲ್ಲಿ ಉಪ್ಪು ಉಳಿಯುತ್ತದೆ.

ಉತ್ತರ | ಹಟ್ಟಿ ಭೂಗರ್ಭ

ಮೇಲಿನವರು ಹೇಳಿದ್ದು ಪೂರ್ವ ಸೈಬೀರಿಯಾಕ್ಕೆ ಸರಿ. ಇಡೀ ಸೈಬೀರಿಯಾವನ್ನು ಒಂದೇ ಗಂಟಿನಲ್ಲಿ ಕಟ್ಟಬೇಡಿ. ಪಶ್ಚಿಮದ ವಾಸ್ಯುಗನ್ ಜೌಗು ಸುಮಾರು 53,000 ಚದರ ಕಿ.ಮೀ., ಅದರಡಿ ಪರ್ಮಾಫ್ರಾಸ್ಟ್ ಇಲ್ಲ. ಅಲ್ಲಿ ನೀರು ನಿಲ್ಲಲು ಕಾರಣ ಇಳಿಜಾರೇ ಇಲ್ಲದ ಬಯಲು, ಜೊತೆಗೆ ಹೆಚ್ಚು ಮಳೆ. ಓಬ್, ಯೆನಿಸೇ, ಲೆನಾ ಮೂರೂ ಉತ್ತರಕ್ಕೆ ಹರಿಯುತ್ತವೆ ಎಂಬುದನ್ನೂ ಬರೆಯಿರಿ. ವಸಂತದಲ್ಲಿ ದಕ್ಷಿಣದ ಮೇಲ್ದಂಡೆಯ ಮಂಜು ಮೊದಲು ಒಡೆಯುತ್ತದೆ, ಕೆಳದಂಡೆ ಇನ್ನೂ ಹೆಪ್ಪುಗಟ್ಟಿರುತ್ತದೆ. ಮಂಜಿನ ಹಾಸುಗಳು ಒಂದಕ್ಕೊಂದು ಸಿಕ್ಕಿಕೊಂಡು ನೀರನ್ನು ಹಿಂದಕ್ಕೆ ತಳ್ಳುತ್ತವೆ. 2001ರಲ್ಲಿ ಲೆನಾ ದಂಡೆಯ ಲೆನ್ಸ್ಕ್ ಪಟ್ಟಣ ಮುಳುಗಿದ್ದು ಹೀಗೆ.

ಫಲಕದಲ್ಲಿ ಒಂದು ತಿದ್ದುಪಡಿ ಬೇಕು. ವಜ್ರ ಸರಿ, ಮಿರ್ನಿಯ ಗಣಿ 1955ರಲ್ಲಿ ಸಿಕ್ಕ ಕಿಂಬರ್ಲೈಟ್ (ವಜ್ರ ಸಿಗುವ ಜ್ವಾಲಾಮುಖಿ ಶಿಲೆ) ಕೊಳವೆ, ಗುಂಡಿಯ ಆಳ 525 ಮೀಟರ್. ಅನಿಲವೂ ಸರಿ, ಉರೆಂಗೊಯ್, ಯಮಾಲ್ ಎಂದು ಹೆಸರು ಹಾಕಿ. ರಷ್ಯಾದ ಪೊಟ್ಯಾಷ್ ಮಾತ್ರ ಮುಖ್ಯವಾಗಿ ಬೆರೆಜ್ನಿಕಿ, ಸೊಲಿಕಾಮ್ಸ್ಕ್ ಗಣಿಗಳದ್ದು. ಅವು ಉರಾಲ್ ಪರ್ವತದ ಪಶ್ಚಿಮಕ್ಕೆ, ಸೈಬೀರಿಯಾದ ಹೊರಗೆ ಇವೆ.

ಮುಖ್ಯವಾದದ್ದು ಇನ್ನೊಂದಿದೆ. ಹೆಪ್ಪುನೆಲವನ್ನು ಬೇಸಿಗೆಯಲ್ಲಿ ಕರಗದಂತೆ ಕಾಪಾಡುವುದು ಕಾಡಿನ ತಳದ ಪಾಚಿ, ಉದುರೆಲೆಯ ಹಾಸು. ಬೆಂಕಿ ಬಿದ್ದು ಅದು ಸುಟ್ಟರೆ ಬಿಸಿಲು ಕಪ್ಪು ನೆಲಕ್ಕೆ ನೇರ ತಾಗಿ ಕರಗು ಆಳಕ್ಕಿಳಿಯುತ್ತದೆ. ಮಣ್ಣಿನೊಳಗಿನ ಮಂಜುಗಡ್ಡೆ ನೀರಾದಷ್ಟೂ ನೆಲ ಕುಸಿಯುತ್ತದೆ, ಮರಗಳು ದಿಕ್ಕಿಗೊಂದರಂತೆ ವಾಲುತ್ತವೆ. ಉತ್ತರ ಗೋಳಾರ್ಧದ ಹೆಪ್ಪುನೆಲದಲ್ಲಿರುವ ಇಂಗಾಲ ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು, ಅದಕ್ಕೇ ಈ ಕರಗು ಸಿಂಧನೂರಿನ ಮಕ್ಕಳಿಗೂ ಸಂಬಂಧಿಸಿದ್ದು. 2020ರ ಜೂನ್ 20ರಂದು ಪೂರ್ವ ಸೈಬೀರಿಯಾದ ವೆರ್ಖೋಯಾನ್ಸ್ಕ್‌ನಲ್ಲಿ 38 ಡಿಗ್ರಿ ದಾಖಲಾಯಿತು. 1892ರಲ್ಲಿ ಮೈನಸ್ 67.8 ಕಂಡ ಊರು ಅದು.

ಉತ್ತರ | ಮಾದರಿ ಕೆಲಸ

ತಳಕ್ಕೆ ಆರಾರು ತೂತು ಕೊರೆದ ಎರಡು ಪ್ಲಾಸ್ಟಿಕ್ ಟ್ರೇ ತೆಗೆದುಕೊಳ್ಳಿ. ಎರಡಕ್ಕೂ 5 ಸೆಂ.ಮೀ. ಮರಳು ಹಾಕಿ. ಒಂದರ ತೂತಿಗೆ ಟೇಪ್ ಅಂಟಿಸಿ, ಮರಳಿನ ಮೇಲೆ ನೀರು ತೆಳ್ಳಗೆ ನಿಲ್ಲುವವರೆಗೆ ತುಂಬಿ, 24 ತಾಸು ಫ್ರೀಜರಿನಲ್ಲಿಡಿ. ನೀರು ಕಡಿಮೆಯಾದರೆ ಹೆಪ್ಪುಗಟ್ಟಿದ ಮರಳಿನಲ್ಲೂ ಸಂದು ಉಳಿದು ನೀರು ಸೋರಿ ಹೋಗುತ್ತದೆ, ಮಾದರಿ ಕೆಡುವುದು ಹೆಚ್ಚಾಗಿ ಇಲ್ಲೇ. ಮರುದಿನ ಟೇಪ್ ಕಿತ್ತು ಎರಡೂ ಟ್ರೇಗೆ 3 ಸೆಂ.ಮೀ. ಒಣ ಮಣ್ಣು ಹರಡಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ನೀರನ್ನು ಒಂದೇ ಅಳತೆಯಲ್ಲಿ, ಮೇಲ್ಮಣ್ಣು ನೆನೆದು ಮಿಗುವಷ್ಟು, ಸುರಿಯಿರಿ. ಒಂದು ಸೋರುತ್ತದೆ, ಇನ್ನೊಂದರಲ್ಲಿ ನೀರು ನಿಲ್ಲುತ್ತದೆ. ಬೆಚ್ಚಗಿನ ನೀರು ಸುರಿದರೆ ಗಡ್ಡೆ ಬೇಗ ಕರಗುತ್ತದೆ.

ಮೇಲ್ಮಣ್ಣಿಗೆ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬಿ ತಾನೇ ನೀರು ತಡೆಯುತ್ತದೆ, ಆಗ ಎರಡು ಟ್ರೇಗೂ ವ್ಯತ್ಯಾಸ ಕಾಣುವುದಿಲ್ಲ. ಮಸಾರಿ ಮಣ್ಣು ಹಾಕಿ.

ಸಿಂಧನೂರು ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಪೊಟ್ಯಾಷ್ ತೆಗೆಸುತ್ತೇನೆ. ಶಾಲೆಯಲ್ಲಿ ಫ್ರೀಜರ್ ಇಲ್ಲ, ಹೊರಗೆ ಹೆಪ್ಪುಗಟ್ಟಿಸಿ ತರಬೇಕು. ಫೆಬ್ರವರಿ ಕೊನೆಯ ಬಿಸಿಲಿಗೆ ಎಷ್ಟು ಹೊತ್ತು ತಡೆಯುತ್ತದೆ?

ಉತ್ತರ | ಮಾದರಿ ಕೆಲಸ

ಬರಿದೇ ಇಟ್ಟರೆ ಬಹಳ ಹೊತ್ತು ತಡೆಯುವುದಿಲ್ಲ. ರೈಸ್ ಮಿಲ್ಲಿನಿಂದ ಒಂದು ಚೀಲ ಒಣ ಭತ್ತದ ಹೊಟ್ಟು ತನ್ನಿ. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಟ್ರೇ ಇಟ್ಟು ಸುತ್ತ, ಮೇಲೆ ನಾಲ್ಕು ಬೆರಳು ಹೊಟ್ಟು ತುಂಬಿ. ಹೊಟ್ಟು ಒದ್ದೆಯಾಗಬಾರದು, ಒದ್ದೆಯಾದರೆ ಶಾಖ ಒಳಗೆ ಬಿಡುತ್ತದೆ. ಟ್ರೇಯನ್ನು ಪೂರ್ತಿ ತುಂಬಿಸಬೇಡಿ, ನೀರು ಮಂಜಾಗುವಾಗ ಹಿಗ್ಗಿ ಪ್ಲಾಸ್ಟಿಕ್ ಸೀಳುತ್ತದೆ.

ಅದೇ ಹೊಟ್ಟಿನಿಂದ ಹಟ್ಟಿಯವರು ಹೇಳಿದ ಬೆಂಕಿಯನ್ನೂ ತೋರಿಸಬಹುದು. ಮೂರನೆಯ ಟ್ರೇಯನ್ನೂ ಹೆಪ್ಪುಗಟ್ಟಿಸಿ, ಮೇಲೆ 3 ಸೆಂ.ಮೀ. ಹೊಟ್ಟು ಹಾಸಿ, ಅದೇ ಕಾಡಿನ ಪಾಚಿ ಎನ್ನಿ. ಬಿದಿರು ಕಡ್ಡಿಗಳನ್ನು ಮರವೆಂದು ಸಾಲಾಗಿ ನಿಲ್ಲಿಸಿ, ಆದರೆ ಹೆಪ್ಪುಗಟ್ಟಿಸುವ ಮೊದಲೇ ಮೇಲಿನ ಒಂದು ಇಂಚಿನಷ್ಟು ಮಾತ್ರ ಚುಚ್ಚಿರಬೇಕು. ಕಬ್ಬಿಣದ ಮೊಳೆ ಬೇಡ, ಶಾಖ ಒಳಗೆಳೆಯುತ್ತದೆ. ಪ್ರದರ್ಶನ ಶುರುವಾದಾಗ ಅರ್ಧ ಭಾಗದ ಹೊಟ್ಟು ಕೆರೆದು ತೆಗೆದು ಬಿಸಿಲಿಗಿಡಿ. ಹೊಟ್ಟು ಇಲ್ಲದ ಕಡೆಯ ಕಡ್ಡಿಗಳು ಮೊದಲು ವಾಲುತ್ತವೆ.