ಆರ್ಕ್ಟಿಕ್ ಸಮುದ್ರ ತಳದವರೆಗೂ ಯಾಕೆ ಹೆಪ್ಪುಗಟ್ಟಲ್ಲ?

ವಿರಾಜಪೇಟೆ_ಅಮ್ಮ:
ಎಲ್ರಿಗೂ ನಮಸ್ಕಾರ. ಮಳೆಗೆ ಕಾಲೇಜಿಗೆ ರಜೆ ಕೊಟ್ಟಿದಾರೆ, ಮಗಳು ಫಸ್ಟ್ ಪಿಯುಸಿ, ಕೆಮಿಸ್ಟ್ರಿ ಓದ್ತಾ ಕೂತೋಳು ಕೇಳಿದ್ಲು, ನೀರಿನ ಅಣು ಪೋಲಾರ್ ಅಂತೆ, ಕಾರ್ಬನ್ ಡೈಆಕ್ಸೈಡ್ ಅಲ್ವಂತೆ, ಎರಡರಲ್ಲೂ ಆಕ್ಸಿಜನ್ ಇದೆಯಲ್ಲ ಅಂತ. ಜೊತೆಗೆ ಇನ್ನೊಂದು, ಆರ್ಕ್ಟಿಕ್ ಕಡೆ ಚಳಿಗಾಲದಲ್ಲಿ ಸೂರ್ಯನೇ ಹುಟ್ಟಲ್ಲ, ಆದ್ರೂ ಸಮುದ್ರ ಮೇಲ್ಗಡೆ ಮಾತ್ರ ಗಟ್ಟಿ ಆಗುತ್ತೆ, ಕೆಳಗೆ ಮೀನು ಓಡಾಡ್ಕೊಂಡಿರ್ತವೆ, ಯಾಕೆ? ಎರಡಕ್ಕೂ ಸಂಬಂಧ ಇದೆಯಾ? ನಾನು ಕಾಮರ್ಸ್ ಓದಿದವಳು, ಗೊತ್ತಿರೋರು ಬಿಡಿಸಿ ಹೇಳಿ.

ಮಡಿಕೇರಿ_ಮೇಷ್ಟ್ರು:
ಸಂಬಂಧ ಇದೆ ಮೇಡಂ, ತುಂಬಾ ಒಳ್ಳೆ ಪ್ರಶ್ನೆ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಇದು ಎರಡರಲ್ಲೂ ನಿಜ. ಆದ್ರೆ ಕಾರ್ಬನ್ ಡೈಆಕ್ಸೈಡ್ ಅಣು ನೆಟ್ಟಗಿದೆ, ಎರಡು ಕಡೆಯ ಎಳೆತ ಸರಿಸಮ ಆಗಿ ವಜಾ ಆಗುತ್ತೆ. ನೀರಿನದ್ದು 104.5 ಡಿಗ್ರಿಗೆ ಬಾಗಿದೆ, ಹಾಗಾಗಿ ಆಕ್ಸಿಜನ್ ಕಡೆ ಸ್ವಲ್ಪ ನೆಗೆಟಿವ್, ಹೈಡ್ರೋಜನ್ ಕಡೆ ಸ್ವಲ್ಪ ಪಾಸಿಟಿವ್ ಉಳಿಯುತ್ತೆ, ಪೋಲಾರ್ ಅನ್ನೋದು ಇದನ್ನೇ, ಅದರಿಂದ ಅಣುಗಳು ಒಂದನ್ನೊಂದು ಹಿಡ್ಕೊಳ್ತವೆ, ಅದೇ ಹೈಡ್ರೋಜನ್ ಬಾಂಡ್. ಐಸ್ ಆಗುವಾಗ ಪ್ರತಿ ಅಣುವೂ ಅಕ್ಕಪಕ್ಕದ ನಾಲ್ಕನ್ನ ಹಿಡಿದು ಬಿಡಿಬಿಡಿಯಾಗಿ ನಿಲ್ಲುತ್ತೆ, ಮಧ್ಯೆ ಖಾಲಿ ಜಾಗ, ಸುಮಾರು 9% ಹಿಗ್ಗುತ್ತೆ. ಅದಕ್ಕೇ ತೇಲೋದು. ಕೆಳಗಡೆ 4 ಡಿಗ್ರಿ ನೀರಿರುತ್ತೆ, ಮೀನು ಬದುಕುತ್ತೆ.

ಸೋಮವಾರಪೇಟೆ_ಕಾಫಿ:
ಸರ್, ಅಣುವಿನ ವಿಷಯ ಸರಿ, ಆದ್ರೆ 4 ಡಿಗ್ರಿಯಲ್ಲಿ ನೀರು ಅತಿ ಭಾರ, ತಳಕ್ಕೆ ಇಳಿಯುತ್ತೆ ಅನ್ನೋ ಆ ಲೆಕ್ಕ ನಮ್ಮ ತೋಟದ ಕೆರೆ ಥರದ ಸಿಹಿನೀರಿಗೆ. ಸಮುದ್ರದ ನೀರಲ್ಲಿ ಕೆಜಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಅದು ಹೆಪ್ಪುಗಟ್ಟೋದು -1.8 ಡಿಗ್ರಿ ಹತ್ರ, ಅಲ್ಲಿವರೆಗೂ ತಣ್ಣಗಾದಷ್ಟೂ ಭಾರ ಆಗ್ತಾನೇ ಹೋಗುತ್ತೆ. ಹಾಗಾದ್ರೆ ತಣ್ಣಗಾದ ನೀರೆಲ್ಲ ತಳಕ್ಕೆ ಇಳೀಬೇಕಲ್ಲ ಅಂದ್ರೆ, ಆರ್ಕ್ಟಿಕ್‌ಗೆ ಓಬ್, ಯೆನಿಸೇ, ಲೇನಾ ಅಂತ ಸೈಬೀರಿಯಾದ ದೊಡ್ಡ ನದಿಗಳು ಬಂದು ಸೇರ್ತವೆ, ಅದರಿಂದ ಮೇಲಿನ ಪದರದಲ್ಲಿ ಉಪ್ಪು ಕಮ್ಮಿ, ಎಷ್ಟು ತಣ್ಣಗಾದ್ರೂ ಕೆಳಗಿನ ಉಪ್ಪುನೀರಿಗಿಂತ ಹಗುರ, ಅಲ್ಲೇ ನಿಂತು ಹೆಪ್ಪುಗಟ್ಟುತ್ತೆ. ಆಮೇಲೆ ಆ ಐಸೇ ಕೆಳಗಿನ ಶಾಖ ಹೊರಗೆ ಹೋಗದ ಹಾಗೆ ತಡೆಯುತ್ತೆ. ಅಂಟಾರ್ಕ್ಟಿಕದ ಮೀನುಗಳಂತೂ ಸೊನ್ನೆಗಿಂತ ಕೆಳಗಿನ ನೀರಲ್ಲೇ ಇರ್ತವೆ, ರಕ್ತದಲ್ಲಿರೋ ಒಂದು ಥರದ ಪ್ರೋಟೀನ್ ಐಸಿನ ಸಣ್ಣ ಹರಳಿಗೆ ಅಂಟ್ಕೊಂಡು ಬೆಳೆಯೋಕೆ ಬಿಡಲ್ಲ. ನಂಗೆ ಇದು ಎಷ್ಟು ಸಲ ಓದಿದ್ರೂ ಆಶ್ಚರ್ಯ.

ಮಡಿಕೇರಿ_ಮೇಷ್ಟ್ರು:
ಹೌದು, ಸಮುದ್ರಕ್ಕೆ ನೀವು ಹೇಳಿದ್ದೇ ಸರಿ. ಮೇಡಂ, ಇದನ್ನೇ ಬರ್ಕೊಳ್ಳೋಕೆ ಹೇಳಿ.

ವಿರಾಜಪೇಟೆ_ಅಮ್ಮ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಸಮುದ್ರದ ಐಸೂ ಉಪ್ಪಾಗಿರುತ್ತಾ ಅಂತ ಕೇಳ್ತಿದಾಳೆ.

ಸೋಮವಾರಪೇಟೆ_ಕಾಫಿ:
ಕಮ್ಮಿ ಅಕ್ಕ. ಐಸಿನ ಆ ಜೋಡಣೆ ಒಳಗೆ ಉಪ್ಪಿಗೆ ಜಾಗ ಇಲ್ಲ, ಬಹುಪಾಲು ಹೊರಗೆ ತಳ್ಳಿಬಿಡುತ್ತೆ, ಸ್ವಲ್ಪ ಮಾತ್ರ ಸಣ್ಣ ಸಣ್ಣ ಸಂದಿಯಲ್ಲಿ ಉಪ್ಪುನೀರಾಗಿ ಉಳ್ಕೊಳ್ಳುತ್ತೆ. ಕರೆಂಟ್ ಇದ್ರೆ ಒಂದು ಡಬ್ಬಿ ಉಪ್ಪುನೀರು ಫ್ರೀಜರಲ್ಲಿಡಿ, ಅರ್ಧ ಗಟ್ಟಿ ಆದಾಗ ತೆಗೆದು ಮೇಲಿನ ಐಸ್ ತೊಳೆದು ರುಚಿ ನೋಡ್ಲಿ, ಉಳಿದ ನೀರನ್ನೂ ನೋಡ್ಲಿ.