ಅಮ್ಮನ ಆಂಟಿಬಾಡಿ ನನ್ನ ಎ2 ಮೇಲೇ ಇದೆ, ಅನುಭವ ಇದ್ದವರು ಹೇಳಿ

ಕೇಳಿದವರು:
ಅಮ್ಮನಿಗೆ ಕಿಡ್ನಿ ಕೊಡಲು ನಾನು ತಯಾರಿದ್ದೇನೆ. ಬ್ಲಡ್ ಗ್ರೂಪ್ ಒಂದೇ. ಆದರೆ ಕ್ರಾಸ್‌ಮ್ಯಾಚ್ (ಅಮ್ಮನ ರಕ್ತದ ಸೀರಂ ಜೊತೆ ನನ್ನ ಜೀವಕೋಶ ಬೆರೆಸಿ ನೋಡೋ ಟೆಸ್ಟ್) ಪಾಸಿಟಿವ್ ಬಂತು, ಅಂದರೆ ಹೊಂದಲಿಲ್ಲ. ಅಪ್ಪನಿಂದ ನನಗೆ ಬಂದ ಎ2 (ಜೀವಕೋಶದ ಮೇಲಿರೋ ಎಚ್‌ಎಲ್‌ಎ ಅನ್ನೋ ಗುರುತಿನ ಅಣುಗಳಲ್ಲಿ ಒಂದು) ವಿರುದ್ಧ ಅಮ್ಮನಿಗೆ ಆಂಟಿಬಾಡಿ ಇದೆಯಂತೆ. ರಿಪೋರ್ಟಿನಲ್ಲಿ ಎ68, ಬಿ57, ಬಿ58 ಕೂಡ ಇವೆ. ಅವು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆಂಟಿಬಾಡಿ ಇಳಿಸಿ ಕಸಿ ಮಾಡಿಸೋದಾ, ಅದಲುಬದಲಿಗೆ (ಅವರ ದಾನಿಯ ಕಿಡ್ನಿ ಅಮ್ಮನಿಗೆ, ನನ್ನದು ಅವರಿಗೆ) ಇನ್ನೊಂದು ಜೋಡಿ ಸಿಗೋವರೆಗೆ ಕಾಯೋದಾ?

ಗಂಡನ ಕಿಡ್ನಿ ಪಡೆದವಳು:
ನನ್ನದೂ ಇದೇ ಕಥೆ. ಎರಡು ಹೆರಿಗೆ, ಒಂದು ಗರ್ಭಪಾತ. ಮಕ್ಕಳು ಹೊಟ್ಟೆಯಲ್ಲಿದ್ದಾಗಲೇ ನನ್ನ ದೇಹ ಗಂಡನ ಎ24 ಗುರುತು ಹಿಡಿದುಬಿಟ್ಟಿತ್ತು. ಕಸಿಗೆ ಮುಂಚೆ ಆರು ಸಲ ಪ್ಲಾಸ್ಮಾ (ಆಂಟಿಬಾಡಿ ಇರೋ ರಕ್ತದ ದ್ರವ ಭಾಗ) ತೆಗೆದರು. ಸಲಕ್ಕೆ ಮೂರು ಗಂಟೆ. ನಾಲ್ಕನೇ ಸಲ ಕ್ಯಾಲ್ಸಿಯಂ ಇಳಿದು ತುಟಿ ಜುಮ್ಮೆಂದಿತು, ಬೆರಳು ಸೆಟೆದುಕೊಂಡವು. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಹಾಕಿದ ರಾತ್ರಿ ತಲೆ ಎತ್ತೋಕೆ ಆಗಲಿಲ್ಲ. ಕಸಿಯಾದ ಒಂಬತ್ತನೇ ದಿನ ಆಂಟಿಬಾಡಿ ಮತ್ತೆ ಏರಿತು. ಕ್ರಿಯಾಟಿನಿನ್ (ಏರಿದರೆ ಕಿಡ್ನಿ ಕೆಲಸ ಕುಗ್ಗಿದೆ ಅಂತ ಅರ್ಥ) 1.2 ಇದ್ದದ್ದು 3.9ಕ್ಕೆ ಹೋಯಿತು. ಮತ್ತೆ ಐದು ಸಲ ಪ್ಲಾಸ್ಮಾ. ಆರು ವರ್ಷ ಆಯಿತು, ಈಗ 1.6. ಮಾಡಿಸಿದ್ದೇ ಸರಿ.

ಹದಿನಾಲ್ಕು ತಿಂಗಳು ಕಾದವನು:
ನಾನು ಕಾದೆ. ನನ್ನ ಮೊದಲ ಕಸಿಯ ಕಿಡ್ನಿಯಲ್ಲಿ ಹೊಂದದೇ ಇದ್ದದ್ದು ಬಿ7. ಅದು ಕೆಟ್ಟ ಮೇಲೆ ನೋಡಿದರೆ ಬಿ27, ಬಿ42, ಬಿ54, ಬಿ55 ಎಲ್ಲಕ್ಕೂ ಆಂಟಿಬಾಡಿ! ಆಂಟಿಬಾಡಿ ಗುರುತು ಹಿಡಿಯೋದು ಅಣುವಿನ ಮೇಲಿನ ಒಂದು ಸಣ್ಣ ಜಾಗವನ್ನು. ಆ ಜಾಗ ಬೇರೆ ಎಚ್‌ಎಲ್‌ಎಗಳಲ್ಲೂ ಇದ್ದರೆ ಅವುಗಳಿಗೂ ಅಂಟುತ್ತದೆ. ನಿಮ್ಮ ಬಿ57 ಬಂದದ್ದೂ ಹಾಗೇ, ಎ2 ಜೊತೆ ಅದಕ್ಕೆ ಹೋಲಿಕೆ ಇದೆ. ವಾರಕ್ಕೆ ಮೂರು ಡಯಾಲಿಸಿಸ್, ಎರಡು ಸಲ ಫಿಸ್ಟುಲಾ (ಡಯಾಲಿಸಿಸ್‌ಗೆ ಕೈಯಲ್ಲಿ ಮಾಡೋ ರಕ್ತನಾಳದ ಜೋಡಣೆ) ಮುಚ್ಚಿಹೋಯಿತು. ಎರಡು ಜೋಡಿ ಕೊನೇ ಗಳಿಗೆಯಲ್ಲಿ ತಪ್ಪಿದವು. ಮೂರನೆಯದು ಕೂಡಿಬಂತು. ಪ್ಲಾಸ್ಮಾ ತೆಗೆದರೆ ಆಂಟಿಬಾಡಿ ಹೋಗುತ್ತದೆ, ಅದನ್ನು ಹುಟ್ಟಿಸುವ ಜೀವಕೋಶ ಒಳಗೇ ಇರುತ್ತದೆ. ಮೇಡಂ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಗಂಡನ ಕಿಡ್ನಿ ಪಡೆದವಳು:
ಅದೃಷ್ಟ ಅನ್ನಬೇಡಿ ಸಾರ್. ಶ್ವಾಸಕೋಶದಲ್ಲಿ ನೀರು ತುಂಬಿ ಎರಡು ಸಲ ಐಸಿಯು ಸೇರಿದ್ದೆ. ಹದಿನಾಲ್ಕು ತಿಂಗಳು ನನ್ನ ಹತ್ತಿರ ಎಲ್ಲಿತ್ತು?

ಅಕ್ಕನ ತಮ್ಮ:
ಅಮ್ಮನ ಒಡಹುಟ್ಟಿದವರನ್ನು ನೋಡಿದ್ರಾ? ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ನನಗೆ ಅಕ್ಕನದು ಪೂರ್ತಿ ಹೊಂದಿತು. ಪ್ಲಾಸ್ಮಾ ಇಲ್ಲ, ಏನಿಲ್ಲ. ಜನ ಇದನ್ನು ಬಿಟ್ಟು ಸುಮ್ನೆ ಕಷ್ಟಪಡ್ತಾರೆ.

ಹದಿನಾಲ್ಕು ತಿಂಗಳು ಕಾದವನು:
ಸುಮ್ನೆ ಅಂದ್ರೆ ಏನ್ರೀ? ನನ್ನ ಇಬ್ಬರು ಅಣ್ಣಂದಿರದ್ದೂ ಅರ್ಧ ಅರ್ಧ ಮಾತ್ರ ಹೊಂದಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ ಬೇರೆ.

ತಂಗಿ ಜೊತೆ ಓಡಾಡಿದವಳು:
ಯಾವ ಔಷಧ ಆದ ಮೇಲೆ ಟೆಸ್ಟ್ ಮಾಡಿದರು ಅಂತ ಕೇಳಿ. ನನ್ನ ತಂಗಿಗೆ ರಿಟುಕ್ಸಿಮ್ಯಾಬ್ (ಬಿ ಸೆಲ್ ಅನ್ನೋ ಬಿಳಿ ರಕ್ತಕಣಗಳನ್ನು ಕೊಲ್ಲೋ ಔಷಧ) ಕೊಟ್ಟು ಮೂರು ವಾರಕ್ಕೆ ಕ್ರಾಸ್‌ಮ್ಯಾಚ್ ಮಾಡಿದರು. ಬಿ ಸೆಲ್ ಪಾಸಿಟಿವ್, ಆಪರೇಷನ್ ರದ್ದು. ಆ ಔಷಧವೇ ಬಿ ಸೆಲ್‌ಗೆ ಅಂಟಿಕೊಂಡು ಸುಳ್ಳು ಪಾಸಿಟಿವ್ ತೋರಿಸಿತ್ತು. ಎರಡು ತಿಂಗಳು ಹಾಳು. ಆ ಮಧ್ಯೆ ಒಂದು ಬಾಟಲಿ ರಕ್ತ ಹಾಕಿಸಿಕೊಂಡಳು, ಬೇರೆಯವರ ಎಚ್‌ಎಲ್‌ಎ ಒಳಗೆ ಬಂದು ನಿಜವಾದ ಆಂಟಿಬಾಡಿಯೂ ಏರಿತು. ಕಸಿ ಆಗೋವರೆಗೆ ರಕ್ತ ಹಾಕಿಸಲೇಬೇಡಿ!

ಅಕ್ಕನ ತಮ್ಮ:
ಬಿಳಿ ಕಣ ಸೋಸಿದ ರಕ್ತ ಹಾಕಿಸಬಹುದಲ್ವಾ?

ತಂಗಿ ಜೊತೆ ಓಡಾಡಿದವಳು:
ಸೋಸಿದ್ದೇ ಹಾಕಿದ್ದು. ಅಪಾಯ ಕಮ್ಮಿಯಾಗುತ್ತದೆ, ಪೂರ್ತಿ ಹೋಗಲ್ಲ.

ಗಂಡನ ಕಿಡ್ನಿ ಪಡೆದವಳು:
ನನಗೆ ಹಿಮೋಗ್ಲೋಬಿನ್ 5.1 ಆಗಿತ್ತು, ಬಾತ್‌ರೂಮಿಗೆ ಹೋಗೋಕೂ ಏದುಸಿರು. ಆಗ ರಕ್ತ ಬೇಡ ಅಂತ ಹೇಗೆ ಹೇಳೋದು, ನೀವೇ ಹೇಳಿ.